ಕಾಫಿ ಗಿಡದ ಮೇಲೆ ಹ್ಯಾಟು

ಆಗ ನನಗೆ ಐವತ್ತೆಂಟು. ಏಳು ವರ್ಷದ ಹಿಂದಿನ ಮಾತು. ಅವರಿಗೆ ಎಪ್ಪತ್ತು ದಾಟಿತ್ತು. ಆ ವಯಸ್ಸಿನಲ್ಲಿ ಹ್ಯಾಟು ಮಾಡುವುದನ್ನು ಕಲಿಯುತ್ತಿದ್ದರು. ಒಳ್ಳೆಯವರಾಗಿದ್ದರು ಎಂದು ಬರೆಯಲು ನಾನು ಕೂತಿಲ್ಲ. ಒಳ್ಳೆಯವರಾಗಿರಲಿಲ್ಲ. ಹೆಸರನ್ನೂ ಬರೆಯುವುದಿಲ್ಲ. ಹಾನುಬಾಳು ಕಡೆಯ ಎಸ್ಟೇಟ್ ಲೈನುಗಳಲ್ಲಿ, ಕೂಲಿಯವರ ಸಾಲುಮನೆಗಳಲ್ಲಿ, ಬೆಳೆದವರಿಗೆ ಹೆಸರಿಲ್ಲದೆಯೇ ಗೊತ್ತಾಗುತ್ತದೆ. ಉಳಿದವರಿಗೆ ಹೆಸರು ತೆಗೆದುಕೊಂಡು ಆಗಬೇಕಾದ್ದೇನಿಲ್ಲ.

ನಾವು ಕೂಲಿ ಮಾಡುತ್ತಿದ್ದ ಎಸ್ಟೇಟಿಗೆ ಅವರು ಮ್ಯಾನೇಜರು. ಮಂಗಳೂರು ಕಡೆಯ ಕ್ರಿಶ್ಚಿಯನ್ನರು, ಹುಡುಗರಾಗಿದ್ದಾಗ ಲೆಕ್ಕ ಬರೆಯುವ ರೈಟರ್ ಕೆಲಸಕ್ಕೆ ಘಟ್ಟ ಹತ್ತಿ ಬಂದು ಇಲ್ಲೇ ನಿಂತವರು. ಮದುವೆಯಾಗಲಿಲ್ಲ. ಎದುರಿಗೆ ಎಲ್ಲರೂ ದೊರೆ ಎನ್ನುತ್ತಿದ್ದೆವು. ಬೆನ್ನ ಹಿಂದೆ ಬರೀ ಹ್ಯಾಟು. ದನ ಬಂತು, ಮಳೆ ಬಂತು ಅನ್ನುವ ಹಾಗೆ ‘ಹ್ಯಾಟು ಬಂತು’ ಅನ್ನುತ್ತಿದ್ದೆವು.

ತೋಟದಲ್ಲಿ ಕೆಲಸ ಮಾಡಿದವರಿಗೆ ಇದು ಅರ್ಥವಾಗುತ್ತದೆ. ಕಾಫಿ ಗಿಡಗಳ ನಡುವೆ ಆಳು ಕಾಣುವುದಿಲ್ಲ. ಬಗ್ಗಿ ಕಳೆ ಕೀಳುತ್ತಿದ್ದವರು ತಲೆಯೆತ್ತಿದರೆ ಗಿಡದ ಮೇಲೆ ಒಂದು ಹ್ಯಾಟು ತೇಲಿಕೊಂಡು ಬರುತ್ತಿತ್ತು, ಅಷ್ಟೇ. ಅದರ ಕೆಳಗೆ ಮುಖವಿದೆ, ಕಣ್ಣಿದೆ ಎಂದು ಯಾರೂ ನೋಡಲು ಹೋಗುತ್ತಿರಲಿಲ್ಲ. ಹ್ಯಾಟು ಕಂಡರೆ ಬೆನ್ನು ತಾನಾಗಿ ಬಗ್ಗುತ್ತಿತ್ತು. ಲೈನಿನಲ್ಲಿ ಆಡುವ ಮಕ್ಕಳು ಕೂಡ ಹ್ಯಾಟು ಕಂಡರೆ ಚರಂಡಿಗೆ ಇಳಿದು ಕೂರುತ್ತಿದ್ದವು. ತಲೆಯಿಂದ ಅದನ್ನು ತೆಗೆದದ್ದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಇಗರ್ಜಿಯೊಳಗೆ ತೆಗೆಯುತ್ತಿದ್ದರಂತೆ. ನಾವು ಅಲ್ಲಿಗೆ ಹೋಗುವವರಲ್ಲ.

ಹೊಡೆಯುತ್ತಿದ್ದರು. ಹಣ್ಣಿನ ಜೊತೆ ಹಸಿರು ಕಾಯಿ ಬುಟ್ಟಿಗೆ ಬಿದ್ದರೆ ಹೊಡೆತ. ನೆರಳಿನ ಮರದ ಕೊಂಬೆ ತಪ್ಪು ಕಡೆ ಕಡಿದರೆ ಹೊಡೆತ. ಬೆತ್ತ ಮುರಿದರೆ, ಮುರಿಯಿತಲ್ಲ ಎಂದು ಎರಡು ಹೆಚ್ಚು. ನನ್ನ ಗಂಡ ಒಂದು ಸಲ ನರ್ಸರಿಯ ಗೇಟು ಹಾಕಲು ಮರೆತು, ದನ ನುಗ್ಗಿ ಸಸಿ ತಿಂದವು. ದೊರೆ ಅವನ ಎಡಗೆನ್ನೆಗೆ ಬಾರಿಸಿದರು. ಅವತ್ತಿನಿಂದ ಆ ಕಿವಿ ಕೇಳಲಿಲ್ಲ. ಸಾಯುವವರೆಗೂ ಕೀವು ಸೋರುತ್ತಿತ್ತು. ರಾತ್ರಿ ನಾನು ಆ ಪಕ್ಕ ಮಲಗಿ ಏನು ಹೇಳಿದರೂ ಅವನಿಗೆ ತಲುಪುತ್ತಿರಲಿಲ್ಲ.

ಹಾಗಿದ್ದೂ ಅವರ ಮನೆಯಲ್ಲಿ ಅಡುಗೆ ಮಾಡಿದೆಯಲ್ಲ ಎಂದು ಕೇಳುವವರಿದ್ದಾರೆ. ಮಾಡಿದೆ. ಹೊಟ್ಟೆಗೆ ಕಿವಿ ಇಲ್ಲ.

ನಾನು ಅಡುಗೆಮನೆಗೆ ಸೇರಿದ್ದು ಹೀಗೆ. ಒಂದು ಕುಯ್ಲಿನಲ್ಲಿ ನನ್ನ ಬುಟ್ಟಿ ನೋಡಿ, ಕಾಯಿ ಜಾಸ್ತಿ ಇದೆ ಎಂದು ಕಾಲಿನಿಂದ ಒದ್ದರು. ಬೆಳಗಿನಿಂದ ಕೊಯ್ದ ಹಣ್ಣೆಲ್ಲ ಇಳಿಜಾರಿನಲ್ಲಿ ಉರುಳಿ ಹೋಯಿತು. ನಾನು ಸೊಂಟದ ಕತ್ತಿ ಕೈಗೆ ತೆಗೆದುಕೊಂಡೆ. ಬೀಸಲಿಲ್ಲ, ಸುಮ್ಮನೆ ಹಿಡಿದು ನಿಂತೆ. ಹಿಂದೆ ನಿಂತಿದ್ದ ಮೇಸ್ತ್ರಿ, “ಏ ಹೊನ್ನಿ, ಕೆಳ್ಗಾಕು, ಹುಚ್ಚು ಮುಂಡೆ” ಎಂದು ಕೂಗಿದ. ಹ್ಯಾಟಿನ ಕೆಳಗೆ ಕಣ್ಣಿರುವುದನ್ನು ನಾನು ಮೊದಲು ನೋಡಿದ್ದು ಅವತ್ತು. ಕಂದು ಕಣ್ಣು. ಅದು ನಗುತ್ತಿತ್ತು.

“ಇವಳನ್ನು ನಾಳೆಯಿಂದ ಬಂಗಲೆಗೆ ಹಾಕು ಮಾರಾಯ” ಎಂದರು ಮೇಸ್ತ್ರಿಗೆ. “ತೋಟದಲ್ಲಿ ಬಿಟ್ಟರೆ ಒಂದು ದಿನ ನನ್ನನ್ನೇ ಕಡಿತಾಳೆ.”

“ಅಡ್ಗೆಮನೇಲೂ ಕತ್ತಿ ಇರ್ತೈತಲ್ಲ ದೊರೆ” ಎಂದೆ.

“ಅಲ್ಲಿ ಮೀನು ಉಂಟು. ಅದನ್ನು ಕಡಿ.”

ಬಂಗಲೆಯೊಳಗೆ ಹೋದ ಮೇಲೆ ತಲೆ ನೋಡಿದೆ. ಬೇಯಿಸಿ ಸುಲಿದ ಮೊಟ್ಟೆ. ಇಷ್ಟಕ್ಕಾ ನಾವೆಲ್ಲ ಬಗ್ಗಿದ್ದು ಅನ್ನಿಸಿತು. ಲೈನಿನಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದ್ದರೂ ನಂಬುತ್ತಿರಲಿಲ್ಲ.

ರಿಟೈರಾದ ಮೇಲೆ ಹಾನುಬಾಳು ರಸ್ತೆಯ ಕೆಳಗೆ ಸಣ್ಣದೊಂದು ತೋಟ, ಅದರ ತಲೆಯಲ್ಲಿ ಒಂದು ಹೆಂಚಿನ ಮನೆ ಮಾಡಿಕೊಂಡರು. ನಾನೂ ಜೊತೆಗೆ ಹೋದೆ. ಗಂಡ ಅಷ್ಟರಲ್ಲಿ ಸತ್ತಿದ್ದ. ಹಿಂಭಾಗದ ಕೋಣೆ ನನ್ನದು. ಮುಂದಿನ ಕೋಣೆಯ ಗೋಡೆ ತುಂಬ ಮೊಳೆ, ಮೊಳೆಗೊಂದು ಹ್ಯಾಟು. ಬೆಂಡಿನದು, ಬೆತ್ತದ್ದು, ಬಟ್ಟೆಯದು. ಅವರ ಜೀವವೆಲ್ಲ ಇದ್ದದ್ದು ಫೆಲ್ಟಿನ ಹ್ಯಾಟಿನ ಮೇಲೆ. ಫೆಲ್ಟ್ ಎಂದರೆ ನೇಯ್ದ ಬಟ್ಟೆಯಲ್ಲ. ಉಣ್ಣೆಯನ್ನು ನೆನೆಸಿ, ಉಜ್ಜಿ, ಬಡಿದು ಒಂದಕ್ಕೊಂದು ಅಂಟಿಸಿದ ದಪ್ಪ ಹಾಳೆ. ಬೆಳಿಗ್ಗೆ ಎದ್ದು ದೇವರಿಗೆ ಕೈಮುಗಿಯುವ ಮೊದಲು ಅವುಗಳಿಗೆ ಬ್ರಷ್ ಹಾಕುತ್ತಿದ್ದರು. ನಾನು ಕಸ ಗುಡಿಸುವಾಗ ಪೊರಕೆಯ ಗಾಳಿ ತಾಗಿದರೂ ಬೈಗುಳ.

“ಹ್ಯಾಟು ನೋಡಿ ಮನುಷ್ಯನಿಗೆ ಬೆಲೆ ಕಟ್ಟುವುದು, ಗೊತ್ತುಂಟಾ?”

“ತಲೆ ನೋಡಿದ್ರೆ ಕಟ್ಟಕಾಗಲ್ಲ ಬಿಡಿ” ಎನ್ನುತ್ತಿದ್ದೆ. ಕೈಗೆ ಸಿಕ್ಕಿದ್ದು ಹಾರಿ ಬರುತ್ತಿತ್ತು. ತಪ್ಪಿಸಿಕೊಳ್ಳುವುದು ನನಗೆ ರೂಢಿಯಾಗಿತ್ತು.

ಒಂದು ಮಳೆಗಾಲದಲ್ಲಿ ಅವರ ಹಳೇ ಫೆಲ್ಟ್ ಹ್ಯಾಟನ್ನು ಇಲಿ ಕಡಿಯಿತು. ಅವರು ರೈಟರಾಗಿ ಬಂದಾಗ ಎಸ್ಟೇಟಿನ ಯಜಮಾನರು ತಮ್ಮ ತಲೆಯಿಂದ ತೆಗೆದು ಕೊಟ್ಟದ್ದಂತೆ ಅದು. ದೊರೆ ಕೋವಿ ತಂದು ಮನೆಯೊಳಗೇ ಇಲಿಗೆ ಗುಂಡು ಹೊಡೆದರು. ಇಲಿ ಚೂರಾಯಿತು. ಅಡುಗೆಮನೆಯ ಗೋಡೆಯಲ್ಲಿ ತೂತಾಗಿ, ಆ ಕಡೆ ನಾನು ಹಿಡಿದಿದ್ದ ಮಜ್ಜಿಗೆ ಗಡಿಗೆ ಒಡೆದು ಹೋಯಿತು. “ನಾನಿದ್ದೆ ಇಲ್ಲಿ!” ಎಂದು ಕೂಗಿದೆ. “ಸತ್ತಿಯಾ?” ಎಂದು ಕೇಳಿದರು. ಇಲ್ಲ ಎಂದೆ. “ಹಾಗಾದ್ರೆ ಬಾಯಿ ಮುಚ್ಚು.”

ಅಂಥ ಹ್ಯಾಟು ಈಗ ಅಂಗಡಿಯಲ್ಲಿ ಸಿಗುವುದಿಲ್ಲ ಎಂದು ಗೊತ್ತಾದ ಮೇಲೆ, ತಾನೇ ಮಾಡುತ್ತೇನೆಂದು ಹೊರಟರು. ಕಲಿಸಿದ್ದು ಫೋನು. ಯಾವನೋ ಬಿಳಿಯ ಅದರಲ್ಲಿ ಹ್ಯಾಟು ಮಾಡುತ್ತಿದ್ದ. ಅವನ ಕೈಯನ್ನೇ ನೋಡಿಕೊಂಡು ಇವರು ಗಂಟೆಗಟ್ಟಲೆ ಕೂರುತ್ತಿದ್ದರು. ಗಂಟೆಯ ಆಕಾರದ ಮೆತ್ತನೆಯ ಫೆಲ್ಟು ದೂರದಿಂದ ಪಾರ್ಸೆಲ್ ಬಂತು. ಅದನ್ನು ಆವಿಯಲ್ಲಿ ಹಿಡಿದು ಮೆತ್ತಗೆ ಮಾಡಿ, ಮರದ ತಲೆಯ ಮೇಲೆ ಎಳೆದು ಕೂರಿಸಿ, ಬುಡಕ್ಕೆ ದಾರ ಸುತ್ತಿ ಬಿಗಿಯಬೇಕು. ಆಮೇಲೆ ಅಂಚನ್ನು ಇಸ್ತ್ರಿ ಮಾಡಿ ಚಪ್ಪಟೆಯಾಗಿಸಬೇಕು. ಕೇಳಲು ಇಷ್ಟೇ.

ಮರದ ತಲೆ ಕಡೆಯಲು ಆಚಾರಿಯನ್ನು ಕರೆಸಿದರು. ಹಲಸಿನ ದಿಮ್ಮಿ. ಆಚಾರಿ ದಾರ ಹಿಡಿದು ದೊರೆಯ ತಲೆ ಅಳೆದು, “ದೊರೆ, ನಿಮ್ ತಲೆ ಎಡಗಡೆ ವಸಿ ಉಬ್ಬೈತಲ್ಲ. ಮರದಾಗೂ ಉಬ್ಬಿಸ್ಲಾ?” ಎಂದ. ಅವನ ಉಳಿಯೇ ಅವನ ಕಿವಿಯ ಪಕ್ಕ ಹಾರಿ ಬಾಗಿಲಿಗೆ ನಾಟಿತು. ಆಚಾರಿ ಅದನ್ನು ಕಿತ್ತುಕೊಂಡು, ಮಾತಾಡದೆ ಉಬ್ಬಿಸಿಯೇ ಮಾಡಿಕೊಟ್ಟ.

ಕಲಿಕೆ ನೋಡಲು ಆಗುತ್ತಿರಲಿಲ್ಲ. ಮೊದಲನೆಯದು ಮರದ ತಲೆಗೆ ಕಚ್ಚಿಕೊಂಡು ಬರಲೇ ಇಲ್ಲ. ಚಾಕುವಿನಲ್ಲಿ ಸೀಳಿ ತೆಗೆದರು. ಇನ್ನೊಂದು ಇಸ್ತ್ರಿಗೆ ಸುಟ್ಟು ಕೂದಲು ಸುಟ್ಟ ವಾಸನೆ ಮನೆಯೆಲ್ಲ ತುಂಬಿತು. ಅದನ್ನು ಹೊಸ್ತಿಲ ಮೇಲಿಟ್ಟು ಬೆತ್ತದಲ್ಲಿ ಹೊಡೆದರು. ನಿಜವಾಗಿ ಹೊಡೆದರು, ಆಳಿಗೆ ಹೊಡೆದ ಹಾಗೆ. ಮಳೆಯಲ್ಲಿ ಒಣಗದೆ ಬೂಷ್ಟು ಹಿಡಿದವು ಎಷ್ಟೋ. ಹಂಡೆ ಒಲೆಯ ಮೇಲೆ ತೂಗುಹಾಕಿದ್ದು ಕುಗ್ಗಿ ಮಗುವಿನ ಕುಲಾವಿಯಾಯಿತು. ಆವಿಗೆ ಅವರ ಬೆರಳ ಚರ್ಮ ಸುಲಿದು ಬಿಳಿಯಾಗಿತ್ತು. ನಾನು ಎಣ್ಣೆ ಹಚ್ಚಲು ಹೋದರೆ ಕೈ ಕೊಡವುತ್ತಿದ್ದರು. “ಬಗ್ಗು. ಬಗ್ಗು ಅಂದ್ರೆ ಬಗ್ಗಬೇಕು. ಇಲ್ಲದಿದ್ರೆ ಚರ್ಮ ಸುಲಿತೇನೆ” ಎಂದು ಫೆಲ್ಟಿಗೆ ಹೇಳುತ್ತಿದ್ದರು. ನಮಗೆ ಹೇಳುತ್ತಿದ್ದ ಮಾತೇ ಅದು. ನಾವು ಬಗ್ಗುತ್ತಿದ್ದೆವು. ಅದು ಬಗ್ಗಲಿಲ್ಲ. ಎಳೆದಷ್ಟೂ ಹರಿಯಿತು.

ಆ ಕುಯ್ಲು ಮುಗಿಯುವ ಹೊತ್ತಿಗೆ ನನ್ನ ಮಗಳು ಸುಮ ಗಂಡನ ಮನೆಯಿಂದ ಓಡಿ ಬಂದಳು.

ಅವಳ ಗಂಡ ಲೋಕೇಶ ನಮ್ಮ ಲೈನಿನಲ್ಲೇ ಬೆಳೆದವನು. ದೋಣಿಗಲ್ಲಿನಲ್ಲಿ ಲಾರಿಗಳ ಪಂಕ್ಚರ್ ಹಾಕುವ ಅಂಗಡಿಯಲ್ಲಿ ಕೆಲಸ. ಟಯರ್ ಬಿಚ್ಚುವ ಕಬ್ಬಿಣದ ಸಲಾಕೆಯಲ್ಲೇ ಹೆಂಡತಿಗೂ ಹೊಡೆಯುತ್ತಿದ್ದ. ಹಿಂದೆಯೂ ಅವಳು ಬಂದದ್ದಿತ್ತು. ಬಂದಾಗಲೆಲ್ಲ ಲೈನಿನ ಹಿರಿಯರು ಕೂತು ನ್ಯಾಯ ಮಾಡಿ, ಅವನ ಕೈಯಲ್ಲಿ ತಪ್ಪು ಕಾಣಿಕೆ ಇಡಿಸಿ, ಎಲೆ ಅಡಿಕೆ ಕೊಡಿಸಿ, ಇವಳನ್ನು ವಾಪಸು ಕಳಿಸುತ್ತಿದ್ದರು. ನ್ಯಾಯಕ್ಕೆ ದೊಡ್ಡವನು ಆ ಹಳೆಯ ಮೇಸ್ತ್ರಿಯೇ. ಈ ಸಲ ಸುಮಳ ಬಲಗೈ ಮೊಣಕೈ ಕೆಳಗೆ ಮುರಿದಿತ್ತು. ಮತ್ತೆ ಓಡಿ ಹೋದರೆ ಕಡಿದು ಘಟ್ಟಕ್ಕೆ ಎಸೆಯುತ್ತೇನೆ ಎಂದಿದ್ದನಂತೆ. ಅವನು ಹೇಳಿದ್ದನ್ನು ಮಾಡುವವನು. ಈ ಸಲ ಕಳಿಸಿದರೆ ಹೆಣವೇ ಬರುವುದು ಎಂದು ನನಗೆ ಗೊತ್ತಿತ್ತು. ಮೇಸ್ತ್ರಿ ಕರೆಯಲು ಬಂದಾಗ, “ನ್ಯಾಯ ಸಾಕು, ಕಳ್ಸಲ್ಲ” ಎಂದೆ. ದೊರೆಯನ್ನು ಕೇಳಲಿಲ್ಲ. ಅವಳನ್ನು ನನ್ನ ಕೋಣೆಯಲ್ಲಿ ಇಟ್ಟುಕೊಂಡೆ.

ದೊರೆ ಅದಕ್ಕೆ ಅಡ್ಡ ಬರಲಿಲ್ಲ. ಅವರಿಗೆ ಫೆಲ್ಟಿನ ಚಿಂತೆ. ಸುಮ ಕೈಗೆ ಪಟ್ಟಿ ಕಟ್ಟಿಕೊಂಡು ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ಒಂದು ದಿನ ಎಳೆದು ಕೂರಿಸಿದ್ದು ಪುಸಕ್ಕನೆ ಮೇಲೆದ್ದಿತು. ದೊರೆ ಬೆತ್ತ ತೆಗೆದರು.

“ಅದ್ಕೂ ಹೊಡೀತೀರಾ ದೊರೆ?” ಎಂದಳು ಸುಮ.

“ಹೊಡೆಯದೆ ಯಾವುದು ನೆಟ್ಟಗಾಗಿದೆ?”

“ನಮ್ಮೆಜಮಾನ್ರೂ ಹಿಂಗೇ ಅಂತಾರೆ.”

ದೊರೆ ಅವಳನ್ನು ನೋಡಿದರು. ಬೆತ್ತ ಎತ್ತಿದ್ದು ಎತ್ತಿದ ಹಾಗೇ ಇತ್ತು. ನಾನು ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಗೆ ಬಂದೆ. ಅವರು ಬೆತ್ತ ಇಳಿಸಿ, ಮರದ ತಲೆಯನ್ನು ಎತ್ತಿ ಕಿಟಕಿಯಿಂದ ಹೊರಗೆ ಎಸೆದರು. ಗಾಜು ಒಡೆಯಿತು. ಮರುದಿನ ಅವರೇ ಹೋಗಿ ಅದನ್ನು ಚರಂಡಿಯಿಂದ ಹುಡುಕಿ ತಂದು, “ಏ, ನಿನ್ನ ಎಡಗೈಗೆ ಎಂತ ಆಗಿಲ್ಲ ಅಲ್ಲ? ಬಾ, ದಾರ ಹಿಡಿ” ಎಂದು ಸುಮಳನ್ನು ಕರೆದರು.

ಅವರಿಗೆ ಬುದ್ಧಿ ಬಂತು ಎಂದುಕೊಳ್ಳಬೇಡಿ. ಅದೇ ವಾರ ಹಾಲಿಗೆ ನೀರು ಹಾಕಿದ ಎಂದು ಹಾಲಿನವನ ಕಪಾಳಕ್ಕೆ ಬಿಟ್ಟರು. ಸುಮಳಿಗೂ ಬೈಗುಳ ತಪ್ಪಲಿಲ್ಲ. ದಾರ ಎಳೆದು ಎಳೆದು ಅವಳ ಎಡಗೈ ಗಂಡಸರ ಕೈಯಾಯಿತು. ಬಲಗೈ ಕೂಡಿಕೊಂಡ ಮೇಲೆ ಎರಡೂ ಕೈ ಹಾಕಿದಳು. “ಎಳಿ. ಇನ್ನೂ ಎಳಿ. ಗಂಟು ಹಾಕುವಾಗ ಕೈ ಸಡಿಲ ಬಿಟ್ಟರೆ ಎಲ್ಲಾ ಹೋಯಿತು.” ದಿನವಿಡೀ ಇದೇ. ಅವಳು ನಗುವುದು ಕೇಳಿಸುತ್ತಿತ್ತು. ಮದುವೆಯಾದ ಮೇಲೆ ಅವಳು ನಕ್ಕದ್ದು ನಾನು ಕೇಳಿರಲಿಲ್ಲ.

ಲೋಕೇಶ ಒಂದು ಸಲ ಗೇಟಿಗೆ ಬಂದ. ಕುಡಿದಿದ್ದ. “ಕಳ್ಸೇ ನನ್ನ ಹೆಂಡ್ತೀನ” ಎಂದು ನನ್ನ ಮೇಲೆ ಕೂಗುತ್ತಿದ್ದಾಗ ತೋಟದ ಕಡೆಯಿಂದ ಹ್ಯಾಟು ಮೇಲೆ ಬಂತು. ಅದನ್ನು ಕಂಡದ್ದೇ ಅವನ ಬೆನ್ನು ಬಗ್ಗಿತು. ಎರಡು ಮಕ್ಕಳಾಗುವ ವಯಸ್ಸಿನ ಗಂಡಸು, ಚರಂಡಿಗೆ ಇಳಿಯಲು ಜಾಗ ಹುಡುಕಿದ. ಆಮೇಲೆ ತನಗೇ ನಾಚಿಕೆಯಾಗಿ, “ಇರು, ಆ ಹ್ಯಾಟು ಇಲ್ದಾಗ ಬತ್ತೀನಿ” ಎಂದು ಹೇಳಿ ಹೋಗಿಬಿಟ್ಟ. ಅವನು ಬರುತ್ತಾನೆ ಎಂದು ನಾನು ಅಂದಿನಿಂದ ಬಾಗಿಲಿಗೆ ಬೆನ್ನು ಕೊಟ್ಟು ಕೂರಲಿಲ್ಲ.

ಬೇಸಿಗೆ ಬಂತು. ಎಲೆಕ್ಷನ್ ಎಂದು ಎಲ್ಲರ ಕೋವಿಗಳನ್ನೂ ಠಾಣೆಯಲ್ಲಿ ಇಟ್ಟುಕೊಂಡಿದ್ದರು, ದೊರೆಯದನ್ನೂ. ಬಿಸಿಲಿಗೆ ಫೆಲ್ಟು ಸರಿಯಾಗಿ ಒಣಗತೊಡಗಿತು. ಕೊನೆಗೆ ಒಂದು ಹ್ಯಾಟು ನೆಟ್ಟಗೆ ಬಂತು. ಕಂದು ಬಣ್ಣದ್ದು. ಎಡಗಡೆ ಸ್ವಲ್ಪ ಉಬ್ಬಿತ್ತು, ಅದು ಅವರ ತಲೆಯ ತಪ್ಪು. ಅದನ್ನು ಪೂರ್ತಿ ಒಣಗುವ ಮೊದಲು ತಲೆಯ ಮೇಲೆ ಹಾಕಿಕೊಂಡು ಓಡಾಡಬೇಕಂತೆ, ಆಗ ತಲೆಯ ಆಕಾರಕ್ಕೆ ಕೂರುತ್ತದಂತೆ. ದೊರೆ ಆಗಲೇ ಇನ್ನೊಂದನ್ನು ಆವಿಗೆ ಹಿಡಿದಿದ್ದರು, ಕೈ ಬಿಡುವ ಹಾಗಿರಲಿಲ್ಲ. ಸುಮಳ ಜಡೆಯನ್ನು ಮೇಲೆ ಸುತ್ತಿದರೆ ಅವಳ ತಲೆ ಅವರಷ್ಟೇ ಆಗುತ್ತಿತ್ತು.

“ನೀನೇ ಹಾಕಿಕೊಂಡು ತೋಟ ಸುತ್ತಿ ಬಾ. ಒಣಗಿದ ಮೇಲೆ ಬಾ. ನಡುವೆ ತೆಗೆದ್ರೆ ಇನ್ನೊಂದು ಕೈ ನಾನು ಮುರಿತೇನೆ.”

ಸುಮ ಅಪ್ಪನ ಹಾಗೆ ಉದ್ದ. ಕಾಫಿ ಗಿಡದ ಮೇಲೆ ಆ ಹ್ಯಾಟು ತೇಲಿಕೊಂಡು ಕೆಳಗೆ ಇಳಿದು ಹೋಯಿತು. ನೋಡಿದ ನನಗೇ ಒಂದು ಗಳಿಗೆ ಬೆನ್ನು ಬಗ್ಗಿತು.

ಮೇಲಿನ ರಸ್ತೆಯಲ್ಲಿ ನಿಂತಿದ್ದ ಲೋಕೇಶನಿಗೂ ಅದು ಕಂಡಿತು. ಹ್ಯಾಟು ಮನೆಯಿಂದ ದೂರ ಹೋಗುವುದನ್ನೇ ಅವನು ಕಾಯುತ್ತಿದ್ದ. ಕತ್ತಿ ಹಿಡಿದುಕೊಂಡು ಮನೆಗೆ ಇಳಿದು ಬಂದ.

ನಾನು ಅಡುಗೆಮನೆಯಲ್ಲಿ ಅಕ್ಕಿರೊಟ್ಟಿ ತಟ್ಟುತ್ತಿದ್ದೆ. ಮುಂದಿನ ಕೋಣೆಯಿಂದ ಮಾತು ಕೇಳಿತು.

“ಏ ತಾತ, ಸುಮ ಎಲ್ಲವ್ಳೆ?”

ಬಾಗಿಲ ಸಂದಿಯಿಂದ ನೋಡಿದೆ. ದೊರೆ ಬರಿತಲೆಯಲ್ಲಿ, ಹಳೆಯ ಲುಂಗಿಯಲ್ಲಿ, ಮರದ ತಲೆಯ ಮುಂದೆ ನಿಂತಿದ್ದರು. ಬೋಳು ತಲೆಯಿಂದ ಬೆವರು ಇಳಿಯುತ್ತಿತ್ತು. ಲೋಕೇಶ ಅವರ ಎದುರಿಗೇ ನಿಂತು ಅವರ ಮುಖವನ್ನೇ ನೋಡುತ್ತಿದ್ದ. ಅವನಿಗೆ ಗುರುತು ಸಿಗಲಿಲ್ಲ. ಹುಟ್ಟಿದಾಗಿನಿಂದ ತಾನು ಹೆದರುತ್ತಿದ್ದ ಮನುಷ್ಯನ ಮುಖವನ್ನು ಅವನು ಒಂದು ದಿನವೂ ನೋಡಿರಲಿಲ್ಲ.

“ಯಾವ ಸುಮ?” ಎಂದರು ದೊರೆ.

“ನನ್ನ ಹೆಂಡ್ತಿ ಕಣೋ ಮುದ್ಕ. ಅಡ್ಗೆ ಹೊನ್ನಮ್ಮನ ಮಗ್ಳು. ಬಿರ್ನೆ ಹೇಳು. ಹ್ಯಾಟು ಕೆಳ್ಗಡೆ ತೋಟದಾಗೈತೆ, ಅದು ಮ್ಯಾಲ್ ಬರೋದ್ರೊಳ್ಗೆ ಅವ್ಳನ್ನ ಮುಗ್ಸಿ ಹೋಗ್ಬೇಕು.”

“ಹ್ಯಾಟು ಅಂದ್ರೆ ಅಷ್ಟು ಹೆದರಿಕೆಯಾ ನಿನಗೆ?”

“ಹೆದ್ರಿಕೆ? ಅದು ನಮ್ಮಪ್ಪನ್ನ ಹಣ್ಣಿನ ಕಣದಾಗೆ ಮಂಡಿ ಊರ್ಸಿ ಹೊಡ್ದಿತ್ತು. ನಾನು ನೋಡ್ತಾ ನಿಂತಿದ್ದೆ, ಇಷ್ಟುದ್ದ ಇದ್ದೆ. ಇವತ್ತು ಅಡ್ಡ ಬಂದ್ರೆ ಅದ್ನೂ ಕೊಚ್ಚಾಕ್ತೀನಿ.”

ದೊರೆಯ ಮುಖ ಏನೋ ಆಯಿತು. ಏನಾಯಿತು ಎಂದು ನಾನು ಹೇಳಲಾರೆ. ತಮ್ಮನ್ನು ‘ಅದು’ ಎಂದು ಕರೆಯುತ್ತಾರೆಂಬುದು ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ ಅನ್ನಿಸುತ್ತದೆ. “ನಿನ್ನ ಹೆಂಡತಿ ಬೆಳಿಗ್ಗೆಯೇ ಬೆಳಗೋಡಿಗೆ ಬಸ್ಸು ಹತ್ತಿದಳು. ಹೋಗು” ಎಂದರು. ಅವರ ಬಾಯಲ್ಲಿ ಸುಳ್ಳು ಕೇಳಿದ್ದು ಅದೇ ಮೊದಲು. ಲೋಕೇಶ ನಂಬಿದ. ಬಾಗಿಲ ಕಡೆ ತಿರುಗಿದ.

ಆಗ ಕೆಳಗಿನ ತೋಟದಿಂದ ಕೂಗು ಬಂತು.

“ದೊರೇ, ಒಣಗೈತೆ ಕಣ್ರೀ! ಬರ್ಲಾ?”

ಲೋಕೇಶ ಹೊಸ್ತಿಲಲ್ಲಿ ನಿಂತು ಬಿಟ್ಟ. ಗಿಡದ ಮೇಲೆ ಹ್ಯಾಟು ಬರುತ್ತಿತ್ತು, ಅದರ ಕೆಳಗಿನಿಂದ ಅವನ ಹೆಂಡತಿಯ ದನಿ. ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದದ್ದೇ ಕತ್ತಿ ಎತ್ತಿ ಮೆಟ್ಟಿಲಿಗೆ ಕಾಲಿಟ್ಟ.

ದೊರೆ ಫೆಲ್ಟು ಸಮೇತ ಆ ಹಲಸಿನ ಮರದ ತಲೆಯನ್ನು ಎತ್ತಿ ಹಿಂದಿನಿಂದ ಅವನ ಹೆಗಲಿಗೂ ಕುತ್ತಿಗೆಗೂ ನಡುವೆ ಬೀಸಿದರು. ಅವನು ಮೆಟ್ಟಿಲ ಮೇಲೆ ಮುಖ ಅಡಿಯಾಗಿ ಬಿದ್ದ. ಹಲ್ಲು ಕಲ್ಲಿಗೆ ಬಡಿದ ಸದ್ದು ಕೇಳಿತು. ಮುದುಕರ ಹೊಡೆತ, ಸಾಲಲಿಲ್ಲ. ಎದ್ದು ತಿರುಗಿ ಕತ್ತಿ ಬೀಸಿದ. ದೊರೆ ಎಡಗೈ ಅಡ್ಡ ಕೊಟ್ಟರು. ಕಂಕುಳ ಪಕ್ಕ ತೋಳು ತೆರೆದುಕೊಂಡು ಒಳಗಿನ ಬಿಳಿ ಕಂಡಿತು, ಆಮೇಲೆ ರಕ್ತ ಚಿಮ್ಮಿತು. ಅವರು ಬಲಗೈಯಲ್ಲಿ ಕುದಿಯುವ ನೀರಿನ ಪಾತ್ರೆ ಎತ್ತಿ ಅವನ ಎದೆಗೆ ಎರಚಿದರು. ಅವನು ಹಂದಿ ಕಿರುಚಿದ ಹಾಗೆ ಕಿರುಚಿದ. ಆದರೂ ಕತ್ತಿ ಬಿಡಲಿಲ್ಲ. ಇನ್ನೊಮ್ಮೆ ಎತ್ತಿದ.

ಅಷ್ಟರಲ್ಲಿ ನಾನು ಮೇಜಿನ ಮೇಲಿದ್ದ ಇದ್ದಿಲ ಇಸ್ತ್ರಿ ಪೆಟ್ಟಿಗೆ ತೆಗೆದುಕೊಂಡಿದ್ದೆ. ಕೆಂಡ ತುಂಬಿತ್ತು. ಅದನ್ನು ಎರಡೂ ಕೈಯಲ್ಲಿ ಎತ್ತಿ ಅವನ ಮಣಿಕಟ್ಟಿನ ಮೇಲೆ ಹಾಕಿದೆ. ಒಣಗಿದ ಕಾಫಿ ಕೊಂಬೆ ಮುರಿದ ಹಾಗೆ ಆಯಿತು. ಕತ್ತಿ ಬಿತ್ತು. ಅವನು ಬಿದ್ದ ಮೇಲೆ ಇನ್ನೊಂದು ಸಲ ಹಾಕಿದೆ. ಅದು ಬೇಕಾಗಿರಲಿಲ್ಲ. ಹಾಕಿದೆ.

ಸುಮ ಓಡಿ ಬಂದಳು. ಕಿರುಚಲಿಲ್ಲ. ನೆಲದ ಮೇಲಿದ್ದ ಹ್ಯಾಟಿನ ದಾರ ತೆಗೆದುಕೊಂಡು ಗಂಡನ ಎರಡೂ ಕಾಲಿಗೆ ಸುತ್ತಿ ಎಳೆದಳು. ದೊರೆ ಗೋಡೆಗೆ ಒರಗಿ ಕೂತಿದ್ದರು. ಅವರ ಲುಂಗಿ ಪೂರ್ತಿ ಕೆಂಪಾಗಿತ್ತು.

“ಗಂಟು ಹಾಗಲ್ಲ ಮಾರಾಯ್ತಿ” ಎಂದರು. “ಕೆಳಗಿನಿಂದ ತಾ.”

ಅವಳು ಬಿಚ್ಚಿ ಕೆಳಗಿನಿಂದ ತಂದು ಬಿಗಿದಳು.

ನನ್ನ ಸೆರಗು ಹರಿದು ಅವರ ತೋಳಿಗೆ ಕಟ್ಟಿದೆ. ರಸ್ತೆಯಲ್ಲಿ ಹೋಗುತ್ತಿದ್ದ ಜೀಪು ನಿಲ್ಲಿಸಿದೆವು. ಸಕಲೇಶಪುರದಲ್ಲಿ ಪಟ್ಟಿ ಹಾಕಿ, ಹಾಸನಕ್ಕೆ ಹೋಗಿ ಎಂದರು. ಆಂಬುಲೆನ್ಸಿನಲ್ಲಿ ನಾನು ಪಕ್ಕದಲ್ಲಿ ಕೂತಿದ್ದೆ. ದಾರಿಯಲ್ಲಿ ಒಂದು ಗುಂಡಿಗೆ ಚಕ್ರ ಇಳಿದಾಗ ಕಣ್ಣು ಬಿಟ್ಟು, “ಕಣ್ಣು ಎಲ್ಲಿ ಇಟ್ಟಿದ್ದಿ ಕತ್ತೆ” ಎಂದು ಡ್ರೈವರಿಗೆ ಬೈದರು. ಅದೇ ಕೊನೆಯ ಮಾತು. ಆಲೂರಿನ ದಾರಿ ತಿರುಗುವ ಜಾಗ ದಾಟುವ ಮೊದಲೇ ಹೋದರು. ಡ್ರೈವರಿಗೆ ನಾನು ಹೇಳಲಿಲ್ಲ. ಹೇಳಿದ್ದರೆ ನಿಧಾನ ಮಾಡುತ್ತಿದ್ದ.

ಹೆಣವನ್ನು ಹಾಸನದಲ್ಲಿ ಇಟ್ಟುಕೊಂಡರು. ಮಂಗಳೂರಿನಿಂದ ಅವರ ಕಡೆಯವರು ಬರುತ್ತಾರೆ ಎಂದರು. ಲೋಕೇಶನನ್ನು ಪೊಲೀಸರು ಆಸ್ಪತ್ರೆಗೆ ಹಾಕಿದ್ದರು. ನಾಳೆ ಬಂದು ಹೇಳಿಕೆ ಕೊಡು ಎಂದು ನನಗೆ ಹೇಳಿ ಕಳಿಸಿದರು.

ಸಂಜೆ ನಾನು ಬಸ್ಸಿಳಿದು ಬಂದಾಗ ಅಂಗಳದಲ್ಲಿ ಲೈನಿನ ಜನ ಕೂತಿದ್ದರು. ಸುಮ ಒಳಗಿನಿಂದ ಅಗುಳಿ ಹಾಕಿಕೊಂಡಿದ್ದಳು. ಮೇಸ್ತ್ರಿ ಎದ್ದು ಬಂದ. ಅವನಿಗೂ ವಯಸ್ಸಾಗಿತ್ತು, ಕೋಲು ಹಿಡಿದಿದ್ದ.

“ಹೊನ್ನಕ್ಕ, ಹೋದದ್ದು ಹೋಯ್ತು. ಲೋಕೇಶ ನಮ್ಮ ಹುಡ್ಗ. ನಿನ್ನ ಅಳಿಯ.”

“ಹೂಂ.”

“ಸುಳ್ಳು ಹೇಳು ಅನ್ನಲ್ಲ ಕಣವ್ವ. ಆಸ್ಪತ್ರೇಲಿ ಅವ್ನೇ ಹೇಳ್ದ, ಮೊದ್ಲು ಹೊಡ್ದಿದ್ದು ಹ್ಯಾಟು ತಾನೆ? ಹಿಂದ್ಗಡೆಯಿಂದ. ಅಷ್ಟೇ ಹೇಳು. ಅವ್ನು ಜೀವ ಉಳಿಸ್ಕಳಕ್ಕೆ ಬೀಸ್ದ ಅಂತ ಆಗ್ತದೆ. ವಸಿ ದಿನಕ್ಕೆ ಹೊರಗ್ ಬತ್ತಾನೆ.”

“ಬಂದು?”

“ನಾವು ಕೂತು ನ್ಯಾಯ ಮಾಡಿ ಬುದ್ಧಿ ಹೇಳ್ತೀವಿ. ಹೆಂಡ್ತಿ ಜೊತೇಲಿ ನೆಟ್ಟಗಿರ್ತಾನೆ.”

ಯಾರೋ ಹೆಂಗಸು ಹಿಂದಿನಿಂದ, “ಆ ಮುದ್ಕ ನಮ್ಮನ್ನೆಲ್ಲ ಹೊಡ್ದು ಹೊಡ್ದು ಸತ್ತ. ಅವ್ನಿಗೋಸ್ಕರ ನಮ್ಮ ಹುಡ್ಗ ಜೈಲಾಗೆ ಕೊಳೀಬೇಕಾ?” ಎಂದಳು. ಅವಳ ಮಾತು ಸುಳ್ಳಲ್ಲ. ಅಲ್ಲಿ ಕೂತವರಲ್ಲಿ ಹೊಡೆತ ತಿನ್ನದವರು ಇರಲಿಲ್ಲ.

ಮೇಸ್ತ್ರಿ ಹತ್ತಿರ ಬಂದು ದನಿ ಇಳಿಸಿದ. “ನಿನ್ನ ಗಂಡನ ಕಿವಿ ನೆಪ್ಪೈತಾ?”

“ನೆಪ್ಪೈತೆ. ಹತ್ತಿ ಇಟ್ಟು ಕೀವು ತೆಗೀತಿದ್ದೋಳು ನಾನು, ನೀನಲ್ಲ.”

“ಮತ್ತೆ?”

“ನಾಳೆ ಹೇಳ್ತೀನಿ ಹೋಗು. ಕಿವಿದೂ ಹೇಳ್ತೀನಿ. ಎಲ್ಲಾನೂ ಹೇಳ್ತೀನಿ.”

ಅವರು ಎದ್ದು ಹೋದರು. ನನ್ನ ಮಾತು ಅವರಿಗೆ ಸಮಾಧಾನ ಕೊಟ್ಟಿತೋ ಇಲ್ಲವೋ ಗೊತ್ತಿಲ್ಲ. ಹೇಳುವುದು ಹೇಗೆ ಎಂದು ನನಗೂ ಆಗ ಗೊತ್ತಿರಲಿಲ್ಲ. ಮೊದಲು ಹೊಡೆದದ್ದು ದೊರೆಯೇ. ಹಿಂದಿನಿಂದಲೇ. ಅದನ್ನು ನಾನು ಕಣ್ಣಾರೆ ನೋಡಿದ್ದೆ, ಬೇರೆ ಹೇಳಲು ಬರುವುದಿಲ್ಲ. ಅದನ್ನು ಹೇಳಿದರೆ ಇವನು ಹೊರಗೆ ಬರುತ್ತಾನೆ. ಬಂದರೆ ನನ್ನ ಮಗಳು ಉಳಿಯುವುದಿಲ್ಲ.

ನೆಲ ತೊಳೆದೆವು. ತಟ್ಟಿಟ್ಟಿದ್ದ ರೊಟ್ಟಿ ಒಣಗಿ ಹೋಗಿತ್ತು. ಅದನ್ನೇ ತಿಂದು ಮಲಗಿದೆವು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಸುಮಳನ್ನು ಕರೆದುಕೊಂಡು ಠಾಣೆಗೆ ಹೋದೆ. ಹೇಳಿಕೆ ಬರೆದುಕೊಳ್ಳುವ ಪೊಲೀಸಿನವನು ಹುಡುಗ. ಹೆಸರು, ಊರು ಕೇಳಿದ. ಬರೆದ. ಆಮೇಲೆ, “ನೀವು ಅಡ್ಗೆಮನೇಲಿದ್ರಿ. ಜಗಳ ಆಯ್ತು. ಯಾರಮ್ಮ ಮೊದ್ಲು ಹೊಡ್ದಿದ್ದು?” ಎಂದ.

“ಲೋಕೇಶ” ಎಂದೆ.

“ಎಲ್ಲಿಗೆ?”

“ಕೈಗೆ. ಮೊಣಕೈ ಕೆಳ್ಗೆ. ಮೂಳೆ ಮುರೀತು.”

ಅವನು ಎದುರಿಗಿದ್ದ ಇನ್ನೊಂದು ಕಾಗದ ನೋಡಿದ. “ಸತ್ತೋರಿಗೆ ಗಾಯ ಆಗಿರೋದು ತೋಳಿನ ಮೇಲ್ಗಡೆ ಅಂತ ಐತಲ್ಲಮ್ಮ.”

“ಸತ್ತೋರಿಗಲ್ಲ. ಇವ್ಳಿಗೆ.” ಸುಮಳ ಬಲಗೈ ಹಿಡಿದು ಅವನ ಮೇಜಿನ ಮೇಲೆ ಇಟ್ಟೆ. ಮೂಳೆ ಕೂಡಿಕೊಂಡ ಜಾಗ ಗಂಟಾಗಿ ಎದ್ದಿತ್ತು. “ದೊರೆ ಹಿಂದ್ಗಡೆಯಿಂದ ಹೊಡ್ದಿದ್ದೂ ಹೇಳ್ತೀನಿ, ನಾನು ಇಸ್ತ್ರಿ ಪೆಟ್ಟಿಗೆ ಹಾಕಿದ್ದೂ ಹೇಳ್ತೀನಿ, ಎರಡ್ನೇ ಸಲ ಹಾಕಿದ್ದೂ ಹೇಳ್ತೀನಿ. ಅದೆಲ್ಲ ಆಮೇಲಿನ್ದು. ಮೊದ್ಲು ಯಾರು ಅಂತ ಕೇಳಿದ್ಯಲ್ಲ ಮಗ, ಮೊದ್ಲಿಂದ ಬರ್ಕೋ.”

ಅವನು ಬರೆದಿದ್ದ ಹಾಳೆಯನ್ನು ಪಕ್ಕಕ್ಕಿಟ್ಟು ಬೇರೆ ಹಾಳೆ ತೆಗೆದುಕೊಂಡ.